ನೆಗೆಟಿವ್ ಎಲ್ಲಿ ಹೋಯಿತು? ಫೋಟೊ ಎಡಿಟಿಂಗ್ ತಂತ್ರಾಂಶಗಳ ಹಿಂದಿನ ಕಥೆ

ರೀಲು ಕ್ಯಾಮೆರಾದ ಕಾಲದಲ್ಲಿ ಮದುವೆ ಮಾಡಿದವರ ಮನೆಯಲ್ಲಿ ಆಲ್ಬಂ ಜೊತೆ ಒಂದು ಸಣ್ಣ ಕವರ್ ಕೂಡ ಇರುತ್ತದೆ. ಅದರೊಳಗೆ ಕತ್ತರಿಸಿದ ರೀಲಿನ ತುಂಡುಗಳು. ಬೆಳಕಿಗೆ ಹಿಡಿದರೆ ಕಪ್ಪು ಕೂದಲು ಬೆಳ್ಳಗೆ, ಬಿಳಿ ಪಂಚೆ ಕಪ್ಪಗೆ ಕಾಣುತ್ತದೆ. ಪ್ರಿಂಟ್ ಹರಿದರೂ ಗೆದ್ದಲು ತಿಂದರೂ ಈ ತುಂಡು ಇದ್ದರೆ ಸಾಕು, ಮತ್ತೆ ಪ್ರಿಂಟ್ ಹಾಕಿಸಬಹುದು. ಅದಕ್ಕೇ ಸ್ಟುಡಿಯೊದವರು ನೆಗೆಟಿವ್ ಜೋಪಾನ ಎಂದು ಹೇಳಿ ಕೊಡುತ್ತಿದ್ದರು.

ಈಗ ನಮ್ಮೆಲ್ಲರ ಫೋನಿನಲ್ಲಿ ಸಾವಿರಾರು ಫೋಟೊಗಳಿವೆ. ಆದರೆ ಅವುಗಳಲ್ಲಿ ಮೂಲ ಯಾವುದು, ವಾಟ್ಸ್‌ಆ್ಯಪ್‌ನಲ್ಲಿ ಸುತ್ತಿ ಬಂದದ್ದು ಯಾವುದು, ಬಣ್ಣ ಹಚ್ಚಿದ್ದು ಯಾವುದು ಎಂದು ಕೇಳಿದರೆ ಹೇಳುವುದು ಕಷ್ಟ. ಹೊಸದಾಗಿ ಕ್ಯಾಮೆರಾ ಕೊಂಡ ಹುಡುಗರು ಕೇಳುವ ಮೊದಲ ಪ್ರಶ್ನೆ, "ಎಡಿಟಿಂಗ್‌ಗೆ ಯಾವ ಸಾಫ್ಟ್‌ವೇರ್ ಒಳ್ಳೇದಣ್ಣ?" ಇದಕ್ಕೆ ಒಂದೇ ಹೆಸರಿನ ಉತ್ತರ ಕೊಟ್ಟರೆ ಐದು ವರ್ಷದಲ್ಲಿ ಅದು ಹಳಸಿ ಹೋಗಬಹುದು. ಕಳೆದ 35 ವರ್ಷದಲ್ಲಿ ಯಾವ ತಂತ್ರಾಂಶ ಬಂತು, ಯಾವುದು ಹೋಯಿತು, ಯಾರ ಫೋಟೊ ಉಳಿಯಿತು ಎಂದು ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ.

ಕತ್ತಲೆ ಕೋಣೆಯ ಕೆಲಸ

ಕಂಪ್ಯೂಟರ್ ಬರುವ ಮೊದಲೂ ಫೋಟೊ ಎಡಿಟಿಂಗ್ ಇತ್ತು. ಅದು ನಡೆಯುತ್ತಿದ್ದದ್ದು ಕೆಂಪು ಬಲ್ಬಿನ ಕತ್ತಲೆ ಕೋಣೆಯಲ್ಲಿ. ಡೆವಲಪರ್‌ನಲ್ಲಿ ರೀಲು ತೊಳೆದು, ಹೈಪೊದಲ್ಲಿ ಅದ್ದಿ, ಒಣಗಿಸಿ, ಎನ್‌ಲಾರ್ಜರ್ ಎಂಬ ಯಂತ್ರದಲ್ಲಿಟ್ಟು ಕಾಗದದ ಮೇಲೆ ಬೆಳಕು ಬಿಡುತ್ತಿದ್ದರು.

ಮುಖ ತೀರಾ ಕಪ್ಪಾಗುತ್ತದೆ ಎನಿಸಿದರೆ ತಂತಿಗೆ ರಟ್ಟಿನ ಚೂರು ಸಿಕ್ಕಿಸಿ ಆ ಜಾಗಕ್ಕೆ ಬೀಳುವ ಬೆಳಕನ್ನು ಸ್ವಲ್ಪ ಹೊತ್ತು ತಡೆಯುತ್ತಿದ್ದರು. ಇದು ಡಾಡ್ಜಿಂಗ್. ಆಕಾಶ ಪೇಲವವಾಗಿದ್ದರೆ ಕೈಬೆರಳುಗಳ ಸಂದಿಯಿಂದ ಅಲ್ಲಿಗಷ್ಟೇ ಇನ್ನಷ್ಟು ಬೆಳಕು ಬಿಡುತ್ತಿದ್ದರು. ಇದು ಬರ್ನಿಂಗ್. ಸ್ಟುಡಿಯೊ ಭಾವಚಿತ್ರಗಳಲ್ಲಿ ಮುಖದ ಕಲೆ ಮುಚ್ಚಲು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್‌ನಲ್ಲಿ ಟಚಿಂಗ್ ಮಾಡುವ ಕುಶಲಿಗರೂ ಇದ್ದರು.

ನಮ್ಮ ಗಡಿಯ ಆಚೆ ಊಟಿಯಲ್ಲಿ ಕೇಂದ್ರ ಸರ್ಕಾರ 1960ರಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಂಪನಿ ಸ್ಥಾಪಿಸಿತು. ಅದರ 'ಇಂದು' ಹೆಸರಿನ ಕಪ್ಪು-ಬಿಳುಪು ಸರಕು ಹಳೆಯ ಸ್ಟುಡಿಯೊದವರಿಗೆ ಗೊತ್ತಿರುವ ಹೆಸರು. ರೀಲಿಗೆ 36 ಫೋಟೊ. ಹಾಗಾಗಿ ಒಂದೊಂದು ಕ್ಲಿಕ್‌ಗೂ ಬೆಲೆ ಇತ್ತು.

ಈ ಇಡೀ ಕೆಲಸದಲ್ಲಿ ಒಂದು ವಿಷಯ ಗಮನಿಸಿ. ಬೆಳಕು ಹೆಚ್ಚು ಕಡಿಮೆ ಮಾಡುವುದೆಲ್ಲ ಪ್ರಿಂಟಿನ ಮೇಲೆ ನಡೆಯುತ್ತಿತ್ತು. ಪ್ರಿಂಟ್ ಕೆಟ್ಟರೆ ಒಂದು ಹಾಳೆ ದಂಡ, ಅಷ್ಟೇ. ನೆಗೆಟಿವ್ ಹಾಗೇ ಇರುತ್ತಿತ್ತು. ಮೂಲ ಬೇರೆ, ಅದರಿಂದ ಮಾಡಿದ ಪ್ರತಿ ಬೇರೆ ಎಂಬ ಶಿಸ್ತು ಆ ತಂತ್ರದೊಳಗೇ ಇತ್ತು.

ಅಣ್ಣ ತಮ್ಮಂದಿರ ಪ್ರೋಗ್ರಾಂ

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಗ್ಲೆನ್ ನಾಲ್ ಎಂಬ ಪ್ರೊಫೆಸರ್ ಇದ್ದರು. ಅವರ ಮನೆಯ ನೆಲಮಾಳಿಗೆಯಲ್ಲಿ ಸ್ವಂತ ಡಾರ್ಕ್‌ರೂಮ್ ಇತ್ತು. ಮಗ ಥಾಮಸ್ ನಾಲ್ ಫೋಟೊ ತೊಳೆಯುವುದನ್ನು ಕಲಿತದ್ದು ಅಲ್ಲೇ. 1987ರಲ್ಲಿ ಥಾಮಸ್ ಪಿಎಚ್‌ಡಿ ವಿದ್ಯಾರ್ಥಿ. ಅವರು ಕೊಂಡ ಮ್ಯಾಕ್ ಪ್ಲಸ್ ಕಂಪ್ಯೂಟರ್‌ನ ಪರದೆ ಅಚ್ಚ ಕಪ್ಪು, ಅಚ್ಚ ಬಿಳಿ ಮಾತ್ರ ತೋರಿಸುತ್ತಿತ್ತು, ಬೂದು ಬಣ್ಣ ಬರುತ್ತಿರಲಿಲ್ಲ. ಕಪ್ಪು ಬಿಳಿ ಚುಕ್ಕಿಗಳನ್ನು ಬೆರೆಸಿ ಬೂದು ಕಾಣುವಂತೆ ಮಾಡುವ ಒಂದು ಪ್ರೋಗ್ರಾಂ ಬರೆದರು. ಅದಕ್ಕೆ ಇಟ್ಟ ಹೆಸರು 'ಡಿಸ್‌ಪ್ಲೇ'.

ತಮ್ಮ ಜಾನ್ ನಾಲ್ ಆಗ ಇಂಡಸ್ಟ್ರಿಯಲ್ ಲೈಟ್ ಆ್ಯಂಡ್ ಮ್ಯಾಜಿಕ್ ಎಂಬ ಕಂಪನಿಯಲ್ಲಿ ಸಿನಿಮಾ ಸ್ಪೆಷಲ್ ಎಫೆಕ್ಟ್ಸ್ ಕೆಲಸದಲ್ಲಿದ್ದರು. ಅಣ್ಣನ ಪ್ರೋಗ್ರಾಂ ನೋಡಿ, ಇದನ್ನು ಬೆಳೆಸಿದರೆ ಮಾರಬಹುದು ಎಂದು ಹುರಿದುಂಬಿಸಿದರು. ಮೊದಲು ಬಾರ್ನಿಸ್ಕ್ಯಾನ್ ಎಂಬ ಸ್ಕ್ಯಾನರ್ ಕಂಪನಿ ತನ್ನ ಯಂತ್ರದ ಜೊತೆ ಸುಮಾರು 200 ಪ್ರತಿ ಕೊಟ್ಟಿತು. ಆಮೇಲೆ ಅಡೋಬಿ ಕಂಪನಿ ಹಕ್ಕು ಪಡೆದು 1990ರ ಫೆಬ್ರವರಿಯಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಅದೇ ಫೋಟೊಶಾಪ್.

ಫೋಟೊಶಾಪ್‌ನಲ್ಲಿ ಡಾಡ್ಜ್ ಎಂಬ ಉಪಕರಣದ ಗುರುತು ನೋಡಿ: ಕಡ್ಡಿಯ ತುದಿಗೆ ಒಂದು ಬಿಲ್ಲೆ. ಬರ್ನ್‌ನ ಗುರುತು: ಮಡಿಸಿದ ಕೈ. ಡಾರ್ಕ್‌ರೂಮಿನ ರಟ್ಟಿನ ಚೂರು ಮತ್ತು ಬೆರಳ ಸಂದಿ ಹಾಗೇ ಕಂಪ್ಯೂಟರ್ ಪರದೆಗೆ ಬಂದು ಕುಳಿತಿವೆ.

ಕೈಚಳಕವೆಲ್ಲ ಬಂತು, ನೆಗೆಟಿವ್ ಮಾತ್ರ ಬರಲಿಲ್ಲ. ಫೈಲ್ ತೆರೆದು, ತಿದ್ದಿ, ಸೇವ್ ಒತ್ತಿದರೆ ಹಳೆಯದು ಹೋಗಿ ಹೊಸದು ಅದರ ಜಾಗದಲ್ಲಿ ಕೂರುತ್ತಿತ್ತು. ಒಂದರ ಮೇಲೊಂದು ಪದರ ಇಟ್ಟು ಕೆಲಸ ಮಾಡುವ ಲೇಯರ್ ಸೌಲಭ್ಯ ಬಂದದ್ದು 1994ರ 3.0 ಆವೃತ್ತಿಯಲ್ಲಿ. ಮಾಡಿದ ಕೆಲಸದಲ್ಲಿ ಹಿಂದೆ ಹಿಂದೆ ಹೋಗಿ ನೋಡುವ ಹಿಸ್ಟರಿ ಬಂದದ್ದು 1998ರ 5.0ರಲ್ಲಿ. ಆ ಹಿಸ್ಟರಿಯೂ ಫೈಲ್ ಮುಚ್ಚಿದರೆ ಮುಗಿಯಿತು.

ಝೆರಾಕ್ಸ್‌ನ ಝೆರಾಕ್ಸ್

ಡಿಜಿಟಲ್ ಕ್ಯಾಮೆರಾ ಬಂದಾಗ ಇದು ದೊಡ್ಡ ತೊಂದರೆಯಾಯಿತು. ನಾವು ದಿನವೂ ನೋಡುವ ಜೆಪೆಗ್ ಫೈಲ್‌ನ ಮಾನದಂಡ 1992ರದ್ದು. ಜಾಗ ಉಳಿಸಲು ಕಣ್ಣಿಗೆ ಅಷ್ಟಾಗಿ ಗೊತ್ತಾಗದ ವಿವರಗಳನ್ನು ಅದು ಬಿಟ್ಟುಬಿಡುತ್ತದೆ. ತಿದ್ದಿ ಸೇವ್ ಮಾಡಿದ ಪ್ರತಿ ಸಲವೂ ಇನ್ನಷ್ಟು ಬಿಡುತ್ತದೆ. ಪಹಣಿಯ ಝೆರಾಕ್ಸ್‌ಗೆ ಮತ್ತೆ ಝೆರಾಕ್ಸ್ ಮಾಡಿಸಿದಂತೆ, ನಾಲ್ಕೈದು ಸುತ್ತಿನಲ್ಲಿ ಅಕ್ಷರ ಮಸುಕು.

ನಮ್ಮ ತಾಲ್ಲೂಕು ಕೇಂದ್ರಗಳ ಸ್ಟುಡಿಯೊಗಳಲ್ಲಿ 2002ರ ಫೋಟೊಶಾಪ್ 7.0 ಬಹಳ ವರ್ಷ ನಡೆಯಿತು. ಹೆಚ್ಚಿನವು ಕಳ್ಳಪ್ರತಿ ಸಿ.ಡಿ.ಗಳು. ಅದರಲ್ಲೇ ಪಾಸ್‌ಪೋರ್ಟ್ ಫೋಟೊ, ಅದರಲ್ಲೇ ಕರಿಜ್ಮಾ ಆಲ್ಬಂ, ಅದರಲ್ಲೇ ಜಾತ್ರೆಯ ಫ್ಲೆಕ್ಸ್. ಮದುವೆಯ ಸಾವಿರ ಫೋಟೊ ಕಾರ್ಡಿನಿಂದ ಇಳಿಸಿ, ಆಲ್ಬಂಗೆ ಬೇಕಾದ್ದನ್ನು ತಿದ್ದಿ ಅದೇ ಹೆಸರಲ್ಲಿ ಸೇವ್ ಮಾಡಿ, ಹಾರ್ಡ್ ಡಿಸ್ಕ್ ತುಂಬಿತೆಂದು ಉಳಿದದ್ದನ್ನು ಅಳಿಸಿದ ಉದಾಹರಣೆಗಳು ಯಾವ ಊರಲ್ಲಿ ಇಲ್ಲ? ಅಜ್ಜಿ ಮದುವೆಯ ನೆಗೆಟಿವ್ ಟ್ರಂಕಿನಲ್ಲಿ ಇರುತ್ತದೆ, ಮೊಮ್ಮಗಳ ಮದುವೆಯ ಮೂಲ ಫೋಟೊ ಎಲ್ಲೂ ಇರುವುದಿಲ್ಲ.

ನೆಗೆಟಿವ್ ಮರಳಿ ಬಂತು

ಕ್ಯಾಮೆರಾದ ಕಣ್ಣು ಕಂಡದ್ದನ್ನು ಅಡುಗೆ ಮಾಡದೆ ಹಸಿಯಾಗಿ ಬರೆದಿಡುವ ಫೈಲ್‌ಗೆ 'ರಾ' ಎನ್ನುತ್ತಾರೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. 12 ಬಿಟ್ ರಾ ಫೈಲ್‌ನಲ್ಲಿ 4,096, 14 ಬಿಟ್‌ನಲ್ಲಿ 16,384. ಹಾಗಾಗಿ ಬಿಸಿಲಿಗೆ ಬೆಳ್ಳಗಾದ ಆಕಾಶವನ್ನೂ ನೆರಳಲ್ಲಿ ಕಪ್ಪಾದ ಮುಖವನ್ನೂ ಎಷ್ಟೋ ಮಟ್ಟಿಗೆ ಸರಿಪಡಿಸಬಹುದು.

ಆದರೆ ಒಂದೊಂದು ಕ್ಯಾಮೆರಾ ಕಂಪನಿಯ ರಾ ಫೈಲ್ ಒಂದೊಂದು ರೀತಿ, ಅದನ್ನು ಓದುವ ಗುಟ್ಟು ಕಂಪನಿಯ ಬಳಿ. 1997ರಲ್ಲಿ ಡೇವ್ ಕಾಫಿನ್ ಎಂಬ ಪ್ರೋಗ್ರಾಮರ್ ಈ ಗುಟ್ಟುಗಳನ್ನು ಬಿಡಿಸುವ 'ಡಿಸಿರಾ' ಎಂಬ ಪ್ರೋಗ್ರಾಂ ಶುರುಮಾಡಿದರು. ವರ್ಷಗಟ್ಟಲೆ ಒಂದೊಂದೇ ಕ್ಯಾಮೆರಾ ಸೇರಿಸುತ್ತ ಹೋದರು, ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ನಂತರ ಬಂದ ಎಷ್ಟೋ ತಂತ್ರಾಂಶಗಳು ಅವರ ಕೆಲಸದ ಮೇಲೆ ನಿಂತಿವೆ. 2004ರಲ್ಲಿ ಅಡೋಬಿ ಎಲ್ಲ ಕ್ಯಾಮೆರಾಗೂ ಹೊಂದುವ ಒಂದು ರಾ ಫೈಲ್ ಮಾದರಿ ಪ್ರಕಟಿಸಿತು. ಹೆಸರು ಡಿಎನ್‌ಜಿ, ಅಂದರೆ ಡಿಜಿಟಲ್ ನೆಗೆಟಿವ್. ಕಳೆದುಹೋದ ವಸ್ತುವಿನ ಹೆಸರೇ ಮರಳಿ ಬಂತು.

ಜೊತೆಗೆ ಹೊಸ ಬಗೆಯ ತಂತ್ರಾಂಶಗಳು ಬಂದವು. ಆ್ಯಪಲ್ 2005ರಲ್ಲಿ 'ಅಪರ್ಚರ್' ತಂದಿತು. ಅಡೋಬಿ 2006ರ ಜನವರಿಯಲ್ಲಿ 'ಲೈಟ್‌ರೂಮ್' ಅನ್ನು ಪರೀಕ್ಷೆಗೆ ಬಿಟ್ಟು, 2007ರಲ್ಲಿ ಮಾರಾಟಕ್ಕೆ ತಂದಿತು. ಡಾರ್ಕ್‌ರೂಮ್ ಎಂಬುದಕ್ಕೆ ಎದುರಾಗಿ ಲೈಟ್‌ರೂಮ್. ಇವು ಮೂಲ ಫೈಲನ್ನು ಮುಟ್ಟುವುದೇ ಇಲ್ಲ. "ಬೆಳಕು ಇಷ್ಟು ಹೆಚ್ಚಿಸು, ಇಲ್ಲಿ ಕತ್ತರಿಸು" ಎಂಬ ಸೂಚನೆಗಳನ್ನು ಬೇರೆ ಬರೆದಿಟ್ಟುಕೊಂಡು, ಕೇಳಿದಾಗ ಹೊಸ ಪ್ರತಿ ತೆಗೆದುಕೊಡುತ್ತವೆ. ನೆಗೆಟಿವ್ ಮತ್ತು ಪ್ರಿಂಟಿನ ಹಳೆಯ ಸಂಬಂಧವೇ ಇದು.

ಗೂಗಲ್ 2004ರಲ್ಲಿ ಕೊಂಡು ಪುಕ್ಕಟೆ ಹಂಚಿದ 'ಪಿಕಾಸಾ' ಕೂಡ ಹಾಗೇ ಸೂಚನೆಗಳನ್ನು ಬೇರೆ ಇಡುತ್ತಿತ್ತು. ಸೇವ್ ಮಾಡಿದರೂ ಮೂಲವನ್ನು ಒಂದು ಅಡಗಿಸಿದ ಫೋಲ್ಡರ್‌ನಲ್ಲಿ ಉಳಿಸುತ್ತಿತ್ತು. ಸೈಬರ್ ಕೆಫೆಗಳ ಹಳೆಯ ಕಂಪ್ಯೂಟರ್‌ನಲ್ಲೂ ಸಲೀಸಾಗಿ ಓಡುತ್ತಿದ್ದ ಅದನ್ನು ನಮ್ಮಲ್ಲಿ ಎಷ್ಟೋ ಜನ ಬಳಸಿದ್ದೇವೆ.

ಅಂಗಡಿ ಮುಚ್ಚಿದಾಗ

ಮೂಲ ಉಳಿಯಿತು ಎಂದುಕೊಳ್ಳುವಷ್ಟರಲ್ಲಿ ಬೇರೆ ಸಂಕಟ ಶುರುವಾಯಿತು. ಮಾಡಿದ ತಿದ್ದುಪಡಿ, ಹಾಕಿದ ಹೆಸರು, ವಿಂಗಡಿಸಿದ ಆಲ್ಬಂ ಎಲ್ಲ ಆ ತಂತ್ರಾಂಶದೊಳಗೆ. ಆ ತಂತ್ರಾಂಶವೇ ನಿಂತರೆ?

2013ರ ಮೇ ತಿಂಗಳಲ್ಲಿ ಅಡೋಬಿ ಇನ್ನು ಮುಂದೆ ಫೋಟೊಶಾಪ್‌ನ ಹೊಸ ಆವೃತ್ತಿಗಳನ್ನು ಒಂದೇ ಸಲಕ್ಕೆ ಮಾರುವುದಿಲ್ಲ, ಚಂದಾ ಕಟ್ಟಬೇಕು ಎಂದು ಪ್ರಕಟಿಸಿತು. ಕೊಂಡುಕೊಳ್ಳಬಹುದಾಗಿದ್ದ ಕೊನೆಯ ಫೋಟೊಶಾಪ್ 2012ರ ಸಿಎಸ್6. ಲೈಟ್‌ರೂಮ್‌ನಲ್ಲಿ 2015ರ ಆವೃತ್ತಿ 6 ಕೊನೆಯದಾಯಿತು. ಈಗಿನ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಂದಾ ನಿಲ್ಲಿಸಿದರೆ ಫೋಟೊ ನೋಡಬಹುದು, ಹೊರಗೆ ತೆಗೆಯಬಹುದು. ಆದರೆ ಡೆವಲಪ್ ವಿಭಾಗಕ್ಕೆ, ಅಂದರೆ ತಿದ್ದುವ ಕೋಣೆಗೆ ಬೀಗ ಬೀಳುತ್ತದೆ.

2014ರ ಜೂನ್‌ನಲ್ಲಿ ಆ್ಯಪಲ್ ಅಪರ್ಚರ್ ಬೆಳೆಸುವುದನ್ನು ನಿಲ್ಲಿಸುವುದಾಗಿ ಹೇಳಿತು. 2019ರ ನಂತರದ ಮ್ಯಾಕ್ ವ್ಯವಸ್ಥೆಯಲ್ಲಿ ಅದು ಓಡುವುದೇ ಇಲ್ಲ. 2016ರ ಮಾರ್ಚ್‌ನಲ್ಲಿ ಗೂಗಲ್ ಪಿಕಾಸಾಗೆ ಬೆಂಬಲ ನಿಲ್ಲಿಸಿತು. 2015ರ ಮೇ ತಿಂಗಳಲ್ಲಿ ಎಷ್ಟು ಬೇಕಾದರೂ ಫೋಟೊ ಪುಕ್ಕಟೆ ಇಡಿ ಎಂದು ಗೂಗಲ್ ಫೋಟೋಸ್ ಶುರುವಾಯಿತು. 2021ರ ಜೂನ್ 1ರಿಂದ ಹೊಸ ಫೋಟೊಗಳೆಲ್ಲ 15 ಜಿಬಿ ಲೆಕ್ಕಕ್ಕೆ ಬಂದವು. ಅಲ್ಲದೆ ಪುಕ್ಕಟೆ ಇಟ್ಟದ್ದು ಹಿಂಡಿ ಸಣ್ಣದಾಗಿಸಿದ ಪ್ರತಿ. ಮೂಲ ಅಲ್ಲಿದೆ ಎಂದು ನಂಬಿ ಫೋನಿನಿಂದ ಅಳಿಸಿದವರ ಕೈಗೆ ಉಳಿದದ್ದು ಅದೇ.

ಇವರಲ್ಲಿ ಯಾರೂ ಕಾನೂನು ಮುರಿದಿಲ್ಲ. ಕಂಪನಿಗೆ ತನ್ನ ಲೆಕ್ಕ ಇರುತ್ತದೆ. ಮಾವಿನ ತೋಪನ್ನು ಗುತ್ತಿಗೆಗೆ ಕೊಟ್ಟವರು ಮರ ಯಾರದ್ದು, ಕಾಯಿ ಯಾರದ್ದು ಎಂದು ಮೊದಲೇ ಮಾತಾಡಿಕೊಳ್ಳುವಂತೆ ನಾವೂ ಮೊದಲೇ ಕೇಳಿಕೊಳ್ಳಬೇಕು.

ಎಲ್ಲರದ್ದೂ ಆದ ಉಪಕರಣ

ಇನ್ನೊಂದು ದಾರಿಯೂ ಅಷ್ಟೇ ಹಳೆಯದು. 1995ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ಬರೆಯಲು ಶುರುಮಾಡಿದ ತಂತ್ರಾಂಶ 'ಗಿಂಪ್'. 1996ರಿಂದ ಜನರಿಗೆ ಪುಕ್ಕಟೆ ಸಿಗುತ್ತಿದೆ. ಅದರ ಒಳಗಿನ ಬರಹವೂ ತೆರೆದಿದೆ, ಯಾರು ಬೇಕಾದರೂ ತಿದ್ದಿ ಬೆಳೆಸಬಹುದು. ರಾ ಫೈಲ್‌ಗೆಂದೇ 2009ರಲ್ಲಿ ಯೋಹಾನೆಸ್ ಹನಿಕಾ 'ಡಾರ್ಕ್‌ಟೇಬಲ್' ಶುರುಮಾಡಿದರು. 'ರಾಥೆರಪಿ' 2010ರಲ್ಲಿ ಇದೇ ರೀತಿ ಮುಕ್ತವಾಯಿತು.

ಇವು ಮೊದಲಿಗೆ ಕೈಗೆ ಒಗ್ಗುವುದಿಲ್ಲ, ನಿಜ. ಪ್ರಿಂಟಿಂಗ್ ಪ್ರೆಸ್‌ನವರು ಫೋಟೊಶಾಪ್ ಫೈಲನ್ನೇ ಕೇಳುತ್ತಾರೆ, ಅದೂ ನಿಜ. ಮೂಲ ಕೆಡಿಸದೆ ತಿದ್ದುವ ಸೌಲಭ್ಯ ಗಿಂಪ್‌ಗೆ ಸರಿಯಾಗಿ ಬಂದದ್ದು 2025ರ ಮಾರ್ಚ್‌ನ 3.0 ಆವೃತ್ತಿಯಲ್ಲಿ. ಆದರೆ 30 ವರ್ಷದಲ್ಲಿ ಯಾರೂ ಬಂದು ಗಿಂಪ್‌ಗೆ ಬೀಗ ಹಾಕಿಲ್ಲ. ಹಳೆಯ ಕಂಪ್ಯೂಟರ್, ಖಾಲಿ ಜೇಬು ಇರುವ ಹುಡುಗ ಹುಡುಗಿಯರಿಗೆ ಕಳ್ಳಪ್ರತಿಗಿಂತ ಇದು ಗೌರವದ ದಾರಿ.

ಕನ್ನಡದವರಿಗೆ ಇದರಲ್ಲಿ ಇನ್ನೊಂದು ಮಾತಿದೆ. ಹಳೆಯ ಫೋಟೊಶಾಪ್‌ನಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೇ ಫ್ಲೆಕ್ಸ್ ಅಂಗಡಿಗಳಲ್ಲಿ ಹಳೆಯ ಆನ್ಸಿ ಫಾಂಟುಗಳು ಇಂದಿಗೂ ಉಳಿದಿವೆ. ಆ ಫಾಂಟಿನಲ್ಲಿ ಬರೆದ ಶೀರ್ಷಿಕೆ ಬೇರೆ ಕಂಪ್ಯೂಟರ್‌ಗೆ ಹೋದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಫೋಟೊದ ಹೆಸರನ್ನೂ ವಿವರವನ್ನೂ ಯೂನಿಕೋಡ್‌ನಲ್ಲೇ ಬರೆದಿಡಿ. ಹತ್ತು ವರ್ಷದ ಮೇಲೆ ಹುಡುಕಿದರೂ ಸಿಗುತ್ತದೆ.

ಮೂಲ ಇದ್ದವರ ಮಾತು ನಡೆಯುತ್ತದೆ

ಪತ್ರಿಕೆಗೆ ಫೋಟೊ ಕಳಿಸುವವರಿಗೆ ಇದು ಬರೀ ನೆನಪಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. 1982ರ ಫೆಬ್ರವರಿಯಲ್ಲಿ, ಫೋಟೊಶಾಪ್ ಹುಟ್ಟುವ ಮೊದಲೇ, ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಮುಖಪುಟಕ್ಕೆ ಹೊಂದಲಿ ಎಂದು ಈಜಿಪ್ಟಿನ ಪಿರಮಿಡ್‌ಗಳನ್ನು ಕಂಪ್ಯೂಟರ್‌ನಲ್ಲಿ ಹತ್ತಿರ ಸರಿಸಿ ಟೀಕೆಗೆ ಗುರಿಯಾಯಿತು. 2003ರಲ್ಲಿ ಇರಾಕ್ ಯುದ್ಧದ ಎರಡು ಫೋಟೊ ಸೇರಿಸಿ ಒಂದು ಮಾಡಿದ್ದಕ್ಕೆ ಲಾಸ್ ಏಂಜಲೀಸ್ ಟೈಮ್ಸ್‌ನ ಬ್ರಯಾನ್ ವಾಲ್ಸ್ಕಿ ಕೆಲಸ ಕಳೆದುಕೊಂಡರು. ಗುಂಪಿನಲ್ಲಿದ್ದ ಕೆಲವರು ಒಂದೇ ಫೋಟೊದಲ್ಲಿ ಎರಡೆರಡು ಕಡೆ ಕಂಡದ್ದರಿಂದ ಗುಟ್ಟು ಬಯಲಾಯಿತು. 2006ರಲ್ಲಿ ಲೆಬನಾನ್‌ನ ಹೊಗೆಯನ್ನು ದಟ್ಟವಾಗಿಸಿದ ಅದ್ನಾನ್ ಹಜ್ ಅವರ 920 ಫೋಟೊಗಳನ್ನು ರಾಯ್ಟರ್ಸ್ ಮಾರಾಟದಿಂದ ಹಿಂತೆಗೆದುಕೊಂಡಿತು. ತಿದ್ದಿದ್ದು ಒಂದೆರಡು, ನಂಬಿಕೆ ಹೋದದ್ದು ಎಲ್ಲದರ ಮೇಲೆ.

ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಕೊನೆಯ ಸುತ್ತುಗಳಿಗೆ ಬಂದವರ ಮೂಲ ಫೈಲ್ ಕೇಳಿ ಹೋಲಿಸಿ ನೋಡುತ್ತಾರೆ. 2015ರಲ್ಲಿ ಅಂತಿಮದ ಹಿಂದಿನ ಸುತ್ತಿಗೆ ಬಂದಿದ್ದ ಫೋಟೊಗಳಲ್ಲಿ ಸುಮಾರು ಶೇ 20ರಷ್ಟು ಇದರಿಂದಲೇ ಹೊರಬಿದ್ದವು. ಅದೇ ವರ್ಷ ನವೆಂಬರ್‌ನಲ್ಲಿ ರಾಯ್ಟರ್ಸ್ ತನ್ನ ಹವ್ಯಾಸಿ ಫೋಟೊಗ್ರಾಫರ್‌ಗಳಿಗೆ, ರಾ ಫೈಲ್‌ನಿಂದ ಮಾಡಿದ ಫೋಟೊ ಬೇಡ, ಕ್ಯಾಮೆರಾದಲ್ಲೇ ಆದ ಜೆಪೆಗ್ ಕಳಿಸಿ ಎಂದಿತು. ಆ ಕಾಲದ ಒಳ್ಳೆಯ ವರ್ಕ್‌ಫ್ಲೋ ಎಂದು ಹೇಳಿಕೊಡುತ್ತಿದ್ದದ್ದು ರಾ. ಸುದ್ದಿಮನೆ ಕೇಳಿದ್ದು ಬೇರೆ. ಯಾರಿಗೆ, ಯಾತಕ್ಕೆ ಫೋಟೊ ಎಂಬುದರ ಮೇಲೆ ದಾರಿ ಬದಲಾಗುತ್ತದೆ.

ನಮ್ಮ ಹಳ್ಳಿಗಳಲ್ಲೂ ಇದೇ ಪ್ರಶ್ನೆ ಬರುತ್ತದೆ. ಆಲಿಕಲ್ಲಿಗೆ ಮಲಗಿದ ಬೆಳೆ, ಬಿರುಕು ಬಿಟ್ಟ ಅಂಗನವಾಡಿ ಗೋಡೆ, ಕೆರೆಗೆ ಬಿಟ್ಟ ಕೊಳೆ ನೀರಿನ ಫೋಟೊ ತೋರಿಸಿದಾಗ "ಇದು ಎಡಿಟ್ ಮಾಡಿದ್ದು" ಎಂದುಬಿಟ್ಟರೆ ನಮ್ಮ ಬಳಿ ಉತ್ತರ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದಲ್ಲಿ ದಿನಾಂಕ, ಸ್ಥಳದ ಒಳವಿವರ ಉಳಿಯುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರದ ಬಗ್ಗೆ ಹೇಳುತ್ತದೆ. ಅದರ ನಮೂನೆಯಲ್ಲಿ ಫೈಲ್‌ನ ಹ್ಯಾಶ್ ಸಂಖ್ಯೆ ಬರೆಯಬೇಕು. ಹ್ಯಾಶ್ ಎಂದರೆ ಫೈಲ್‌ನ ಬೆರಳಚ್ಚು ಇದ್ದಂತೆ, ಒಂದು ಚುಕ್ಕಿ ಬದಲಾದರೂ ಸಂಖ್ಯೆ ಬೇರೆ. ಅಲ್ಲಿ ಮೂಲ ಫೈಲ್‌ಗೆ ಇರುವ ತೂಕ ಹತ್ತು ಕೈ ದಾಟಿ ಬಂದ ಪ್ರತಿಗೆ ಇರುವುದಿಲ್ಲ.

ಹಾಗಾದರೆ ಯಾವುದು ಒಳ್ಳೇದು?

ತಂತ್ರಾಂಶ ಆರಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಇದು ಮೂಲ ಫೈಲನ್ನು ಮುಟ್ಟುತ್ತದೆಯೇ? ನಾಳೆ ಇದು ಮುಚ್ಚಿದರೆ ಫೋಟೊ, ಹೆಸರು, ತಿದ್ದುಪಡಿ ಹೊರಗೆ ತರಬಹುದೇ? ಚಂದಾ ನಿಂತರೆ ಏನು ಉಳಿಯುತ್ತದೆ? ನನ್ನ ಕಂಪ್ಯೂಟರ್ ಅಥವಾ ಫೋನಿನಲ್ಲಿ ಸಲೀಸಾಗಿ ಓಡುತ್ತದೆಯೇ?

ಮದುವೆ ಕೆಲಸ ಮಾಡುವವರಿಗೆ ಚಂದಾ ಹಣ ಗಿಟ್ಟಬಹುದು, ಅವರು ಲೈಟ್‌ರೂಮ್, ಫೋಟೊಶಾಪ್ ಬಳಸಲಿ. ಕಲಿಯುವವರಿಗೆ ಡಾರ್ಕ್‌ಟೇಬಲ್, ಗಿಂಪ್ ಸಾಕು. ಫೋನಿನವರಿಗೆ ಗೂಗಲ್ 2012ರಲ್ಲಿ ಕೊಂಡು ಪುಕ್ಕಟೆ ಮಾಡಿದ ಸ್ನ್ಯಾಪ್‌ಸೀಡ್ ಇದೆ. ಸುದ್ದಿಗೆ ಫೋಟೊ ಕಳಿಸುವವರು ಕತ್ತರಿಸುವುದು, ಬೆಳಕು ಹೊಂದಿಸುವುದು ಇಷ್ಟಕ್ಕೇ ನಿಂತರೆ ಯಾವ ತಂತ್ರಾಂಶವಾದರೂ ನಡೆಯುತ್ತದೆ.

ಇವುಗಳಲ್ಲಿ ಯಾವುದನ್ನು ಆರಿಸಿದರೂ ಕೆಲಸದ ಕ್ರಮ ಒಂದೇ ಇರಲಿ:

1. ಮೊದಲು ಕಾರ್ಡಿನಿಂದ ಅಥವಾ ಫೋನಿನಿಂದ ಎಲ್ಲವನ್ನೂ ಒಂದು ಫೋಲ್ಡರ್‌ಗೆ ಇಳಿಸಿ. ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಊರು ಈ ಕ್ರಮದಲ್ಲಿರಲಿ. ಆಗ ಫೋಲ್ಡರ್‌ಗಳು ತಾವಾಗಿ ಸಾಲಾಗಿ ನಿಲ್ಲುತ್ತವೆ.

2. ಎರಡನೇ ಜಾಗಕ್ಕೆ ನಕಲು ಮಾಡುವವರೆಗೆ ಕಾರ್ಡ್ ಅಳಿಸಬೇಡಿ. ಅಮೆರಿಕದ ಫೋಟೊಗ್ರಾಫರ್ ಪೀಟರ್ ಕ್ರೋಗ್ ಜನಪ್ರಿಯ ಮಾಡಿದ ಲೆಕ್ಕ 3-2-1. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರು ಅಥವಾ ಬೇರೆ ಮನೆಯಲ್ಲಿ. ನೆಂಟರ ಮನೆಯ ಬೀರುವಿನಲ್ಲಿಟ್ಟ ಹಾರ್ಡ್ ಡಿಸ್ಕ್ ಕೂಡ ಆದೀತು.

3. ಯಾರು, ಎಲ್ಲಿ, ಯಾವಾಗ ಎಂಬುದನ್ನು ಅವತ್ತೇ ಬರೆಯಿರಿ. ಹಿಂದೆ ಪ್ರಿಂಟಿನ ಬೆನ್ನಿಗೆ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೆವು. ಈಗ ಐಪಿಟಿಸಿ ಎಂಬ ಜಾಗ ಫೈಲ್‌ನೊಳಗೇ ಇದೆ.

4. ಆಮೇಲೆ ಆರಿಸಿ, ಆರಿಸಿದ್ದರ ಪ್ರತಿಯನ್ನು ಮಾತ್ರ ತಿದ್ದಿ. ಮೂಲದ ಫೋಲ್ಡರ್‌ನಲ್ಲಿ ಸೇವ್ ಒತ್ತಲೇಬೇಡಿ.

5. ಕಳಿಸುವ ಪ್ರತಿಗೆ ಬೇರೆ ಫೋಲ್ಡರ್ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಆಗ ಫೈಲ್ ಹಿಂಡಿ ಸಣ್ಣದಾಗುವುದಿಲ್ಲ.

ಹಳೆಯ ರಾ ಫೈಲ್‌ಗಳು ಇದ್ದವರು ಅಡೋಬಿಯ ಪುಕ್ಕಟೆ ಡಿಎನ್‌ಜಿ ಕನ್ವರ್ಟರ್‌ನಿಂದ ಅವನ್ನು ಡಿಎನ್‌ಜಿಗೆ ಬದಲಿಸಿ ಇಟ್ಟುಕೊಳ್ಳಬಹುದು. ಹೊಸ ಕ್ಯಾಮೆರಾದ ಫೈಲನ್ನು ಹಳೆಯ ಲೈಟ್‌ರೂಮ್ 6ರಲ್ಲಿ ತೆರೆಯಲೂ ಇದೇ ದಾರಿ.

ಈ ಐದರಲ್ಲಿ ಎರಡನೆಯದು ಎಲ್ಲಕ್ಕಿಂತ ತುರ್ತಿನದು. ಫೋನು ಬಾವಿಗೆ ಬೀಳುವುದಕ್ಕೆ, ಹಾರ್ಡ್ ಡಿಸ್ಕ್ ಸುಡುವುದಕ್ಕೆ ಮುಹೂರ್ತ ಇರುವುದಿಲ್ಲ. ಈ ಭಾನುವಾರ ಒಂದು ಗಂಟೆ ಕೂತು, ಮನೆಯ ಹಿರಿಯರ ಫೋಟೊಗಳಿಂದಲೇ ನಕಲು ಮಾಡಲು ಶುರುಮಾಡಿ.